ಒಂದೇ ಸಲ ಕೇಳುವ ಊರಿನಲ್ಲಿ ನಾಲ್ಕು ತಂತಿ

ಯಲ್ಲಾಪುರ

ಬೇಸ್ ಗಿಟಾರ್ ಬಾರಿಸುವವನಿಗೆ ನಮ್ಮ ಸೀಮೆಯಲ್ಲಿ ಸಿಗುವ ಮರ್ಯಾದೆ ಬಲು ದೊಡ್ಡದು. ಆರತಕ್ಷತೆಯ ವೇದಿಕೆಯಲ್ಲಿ ಅವನಿಗಾಗಿ ಒಂದು ಮೂಲೆಯನ್ನೇ ತೆಗೆದಿಟ್ಟಿರುತ್ತಾರೆ, ಜನರೇಟರಿನ ವಯರು ಒಳಗೆ ಬರುವ ಮೂಲೆ. ಹಾಡುವವಳಿಗೆ ಶಾಲು ಹೊದೆಸುತ್ತಾರೆ, ಕೀಬೋರ್ಡಿನವನಿಗೆ ಹಾರ ಹಾಕುತ್ತಾರೆ. ನನ್ನ ಹತ್ತಿರ ಬಂದವರು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: "ಡಾಕ್ಟ್ರೆ, ಇದ್ಕೆ ನಾಲ್ಕೇ ತಂತಿ ಇದ್ದಲಿ, ಇನ್ನೆರಡು ಕಡ್ದು ಹೋತಾ?"

ಡಾಕ್ಟರು ಹೌದು, ಆದರೆ ದನದ ಡಾಕ್ಟರು. ಹುಟ್ಟಿದ್ದು ಸಿದ್ದಾಪುರದ ತ್ಯಾಗಲಿಯಲ್ಲಿ, ಕೆಲಸ ಯಲ್ಲಾಪುರದಲ್ಲಿ, ಬಾರಿಸುವುದು ಶಿರಸಿಯ ಬಸಣ್ಣನ ಆರ್ಕೆಸ್ಟ್ರಾದಲ್ಲಿ. ಮೂರು ತಾಲ್ಲೂಕಿನಲ್ಲಿ ನನ್ನ ಕೈಯ ಪರಿಚಯವಿಲ್ಲದ ಎಮ್ಮೆ ಸಿಗುವುದು ಕಷ್ಟ. ನನ್ನ ಬೇಸನ್ನು ಕೇಳಿದ ಮನುಷ್ಯ ಸಿಗುವುದು ಅದಕ್ಕಿಂತ ಕಷ್ಟ. ಬೇಸ್ ಎಂದರೆ ಹಾಡಿನ ತಳದಲ್ಲಿ ಗುಂಯ್ ಎನ್ನುವ ದಪ್ಪ ದನಿ. ಇದ್ದಾಗ ಯಾರಿಗೂ ತಿಳಿಯುವುದಿಲ್ಲ, ಇಲ್ಲದಿದ್ದಾಗ ಏನೋ ಕಮ್ಮಿಯಾಯಿತು ಅನಿಸುತ್ತದೆ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ಅದು ಪುಸ್ತಕದ ಮಾತು. ಹುಲೇಕಲ್ಲಿನ ಒಂದು ಮದುವೆಯಲ್ಲಿ ನನ್ನ ಆಂಪ್ಲಿಫೈಯರಿನ ಫ್ಯೂಸು ಮೊದಲ ಹಾಡಿಗೇ ಸುಟ್ಟುಹೋಗಿತ್ತು. ಮೂರು ಹಾಡು ಮುಗಿಯುವವರೆಗೆ ನಾನು ಸತ್ತ ತಂತಿಯನ್ನು ಕಣ್ಣು ಮುಚ್ಚಿ ಮೀಟುತ್ತಿದ್ದೆ. ಕೆಳಗಿಳಿದಾಗ ಬಸಣ್ಣ ಬೆನ್ನು ತಟ್ಟಿ, "ಇವತ್ತ ಬೇಸ್ ಭಾಳ ಚಲೋ ಇತ್ತ್ರಿ ಡಾಕ್ಟ್ರ" ಅಂದ.

ಆವತ್ತು ಆ ಸಭಾಭವನದಲ್ಲಿ ಫ್ಯೂಸು ಹೋದದ್ದು ಗೊತ್ತಾದದ್ದು ಒಬ್ಬಳಿಗೇ. ಮೂರನೇ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಸುಮಾ ಕಿವಿ ಮುಟ್ಟಿಕೊಂಡು, ಕೈ ಅಲ್ಲಾಡಿಸಿ, ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡುತ್ತಲೇ ಇದ್ದಳು. ಹಾಡಿನ ನಡುವೆ ಕಣ್ಣು ತೆರೆದ ನಾನು ಅದನ್ನು ಮೆಚ್ಚುಗೆ ಎಂದುಕೊಂಡು ತಲೆ ಬಾಗಿಸಿದೆ.

ಇಂಥ ಖ್ಯಾತಿವಂತನಿಗೆ ಹಾಲೆಂಡಿನಿಂದ ಕರೆ ಬಂತು. ಅಲ್ಲಿನ ಡೆವೆಂಟರ್ ಎಂಬ ಊರಿನಲ್ಲಿ ಮಾರೈಕ ಎಂಬ ಬೇಸ್ ವಾದಕಿ ಇದ್ದಾರೆ. ವಯಸ್ಸು ಅರವತ್ತೆಂಟು. ಹೆಬ್ಬೆರಳಿನಿಂದ ಚಟಪಟ ಬಾರಿಸುವ ಅಮೆರಿಕದವರನ್ನೂ, ಐದಾರು ತಂತಿಯ ಮೇಲೆ ಇರುವೆ ಸಾಲಿನ ಹಾಗೆ ಬೆರಳು ಓಡಿಸುವ ಹೊಸ ಹುಡುಗರನ್ನೂ ನಾನು ಬೆರಗಿನಿಂದ ನೋಡಿದವನೇ. ಆದರೆ ಹತ್ತು ವರ್ಷದಿಂದ, ಕೊಟ್ಟಿಗೆಯಿಂದ ಕೊಟ್ಟಿಗೆಗೆ ಬೈಕಿನಲ್ಲಿ ಹೋಗುವಾಗಲೆಲ್ಲ ಕಿವಿಯಲ್ಲಿ ಇಟ್ಟುಕೊಂಡದ್ದು ಈ ಒಬ್ಬರನ್ನು. ಉಳಿದವರು ಹತ್ತು ಸ್ವರ ಬಾರಿಸುವಲ್ಲಿ ಅವರು ಎರಡು ಬಾರಿಸಿ ಸುಮ್ಮನಿರುತ್ತಾರೆ. ಮನಸ್ಸಿನಲ್ಲೇ ಅವರನ್ನು ಮಾರೈಕಕ್ಕ ಎಂದು ಕರೆಯುತ್ತಿದ್ದೆ. ಅವರು ಎಂಟು ಜನರಿಗೆ ನಾಲ್ಕು ದಿನ ಪಾಠ ಹೇಳುತ್ತಾರೆ, ಕೊನೆಯ ದಿನ ತಮ್ಮ ತಂಡದ ಕಾರ್ಯಕ್ರಮದಲ್ಲಿ ಒಬ್ಬ ಶಿಷ್ಯನಿಗೆ ಒಂದು ಹಾಡಿನಲ್ಲಿ ಬಾರಿಸಲು ಬಿಡುತ್ತಾರೆ ಎಂದು ಗೊತ್ತಾದಾಗ ನನ್ನ ವಾದನವನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದೆ. 'ಬಾ' ಎಂದು ಉತ್ತರ ಬಂತು.

"ಹೋಗ್ಬನ್ನಿ" ಅಂದಳು ಸುಮಾ.

"ಛೆ, ಬೇಡ" ಅಂದೆ. ಎರಡನೇ ಸಲ ಅಂದಾಗಲೂ ಬೇಡ ಅಂದೆ. ಮೂರನೇ ಸಲ ಅಂದ ಕೂಡಲೆ ಅಟ್ಟದಿಂದ ಸೂಟ್‌ಕೇಸು ಇಳಿಸಿದೆ. ನಮ್ಮಲ್ಲಿ ಕ್ರಮ ಇರುವುದೇ ಹಾಗೆ. ಉಪಚಾರ ಎಂದರೆ ಮೂರು ಸಲ ಕೇಳುವುದು. ಮೊದಲನೆಯದಕ್ಕೆ ಹೂಂ ಅಂದವನು ಹೊಟ್ಟೆಬಾಕ, ಎರಡನೆಯದಕ್ಕೆ ಅಂದವನು ಅವಸರದವನು, ಮೂರನೆಯದಕ್ಕೆ ಅಂದವನು ಸಂಭಾವಿತ. ಹೋಳಿಗೆಯಿಂದ ಹಿಡಿದು ಪಂಚಾಯತಿ ಚುನಾವಣೆಯವರೆಗೆ ಎಲ್ಲವೂ ನಡೆಯುವುದು ಇದೇ ಲೆಕ್ಕದಲ್ಲಿ.

ಕೇಳುವುದು ಧರ್ಮ ಎಂದು ಸುಮಾಳನ್ನೂ ಕೇಳಿದೆ. "ನೀನೂ ಬತ್ಯನೆ?"

"ಆನೆಂತಕ್ಕೆ, ಬೇಡ" ಅಂದಳು, ನಾನ್ಯಾಕೆ ಎನ್ನುವ ಹಾಗೆ. ಸರಿ ಎಂದು ಒಂದೇ ಟಿಕೆಟ್ಟು ಮಾಡಿಸಿದೆ. ನನ್ನ ಪಾಸ್‌ಪೋರ್ಟಿನ ಜೊತೆಗೇ ತನ್ನದನ್ನೂ ಮಾಡಿಸಿಕೊಂಡಿದ್ದಳು, ಗುರುತಿಗೆ ಇನ್ನೊಂದು ಕಾಗದ ಇರಲಿ ಎಂದು. ಶಿರಸಿಯ ಪೇಟೆಯಿಂದ ಸ್ವೆಟರುಗಳನ್ನೂ ತಂದಳು. ಎರಡರಲ್ಲಿ ಒಂದು ನನ್ನ ಅಳತೆಯದಾಗಿರಲಿಲ್ಲ. ಅಂಗಡಿಯವನು ಕಣ್ಣು ಮುಚ್ಚಿ ಕಟ್ಟಿಕೊಟ್ಟ ಎಂದು ಅವನಿಗೆ ಎರಡು ಮಾತು ಬೈದೆ. ಬಸಣ್ಣ ಬೀಳ್ಕೊಡಲು ಬಂದವನು, "ನಾಲ್ಕ ತಂತಿ ಬಾರ್ಸೂದ ಕಲ್ಯಾಕ ಅಷ್ಟ ದೂರ ಯಾಕ ಹೊಂಟ್ರಿ? ಆರಿದ್ದಿದ್ರ ಚಂದ್ರಲೋಕಕ್ಕ ಹೋಗ್ತಿದ್ರೇನ್ರೀ?" ಎಂದು ಶುಭ ಹಾರೈಸಿದ.

ಆಮ್‌ಸ್ಟರ್‌ಡ್ಯಾಮ್

ವಿಮಾನ ನಿಲ್ದಾಣದಲ್ಲಿ ಎತ್ತರದ ಅಧಿಕಾರಿಯೊಬ್ಬ ನನ್ನ ಚೀಲ ಬಿಚ್ಚಿಸಿದ. ಅವಲಕ್ಕಿಯ ಪೊಟ್ಟಣ ನೋಡಿದ. ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಯ ಮುಚ್ಚಳ ತೆಗೆದು ಮೂಸಿ, ಒಂದು ಹೆಜ್ಜೆ ಹಿಂದೆ ಸರಿದು, ಬಹಳ ಗೌರವದಿಂದ ಮುಚ್ಚಿಕೊಟ್ಟ. ಆಮೇಲೆ ಉದ್ದನೆಯ ಕರೀ ಪೆಟ್ಟಿಗೆ ನೋಡಿ, ಬಿಚ್ಚದೆಯೇ, "ಬೇಸ್?" ಅಂದ.

ನನಗೆ ಅಲ್ಲೇ ಅವನ ಕಾಲಿಗೆ ಬೀಳುವ ಮನಸ್ಸಾಯಿತು. ನನ್ನ ನಲವತ್ತೆಂಟು ವರ್ಷದ ಬದುಕಿನಲ್ಲಿ ಆ ಪೆಟ್ಟಿಗೆಯನ್ನು ಬಂದೂಕು ಅನ್ನದೆ, ವೀಣೆ ಅನ್ನದೆ, ದನಕ್ಕೆ ಇಂಜೆಕ್ಷನ್ ಕೊಡುವ ಸಾಮಾನು ಅನ್ನದೆ ಬೇಸ್ ಎಂದ ಮೊದಲ ಮನುಷ್ಯ ಅವನು.

ಡೆವೆಂಟರ್, ಮಂಗಳವಾರ

ಡೆವೆಂಟರ್ ಹೊಳೆದಂಡೆಯ ಹಳೇ ಊರು. ಕಲ್ಲು ಹಾಸಿದ ಓಣಿಗಳು, ಕಿಟಕಿಗೆ ಪರದೆ ಎಳೆಯದ ಮನೆಗಳು. ಒಳಗೆ ಜನ ಪುಸ್ತಕ ಓದುತ್ತಾ ಕೂತದ್ದು ದಾರಿಯಿಂದಲೇ ಕಾಣುತ್ತದೆ. ನಮ್ಮೂರಿನಲ್ಲಿ ಪರದೆ ಇದ್ದರೂ ಒಳಗಿನದೆಲ್ಲ ಊರಿಗೇ ಗೊತ್ತಿರುತ್ತದೆ, ಇಲ್ಲಿ ಪರದೆ ಇಲ್ಲದಿದ್ದರೂ ಯಾರೂ ನೋಡುವುದಿಲ್ಲ.

ನಾನು ಉಳಿದದ್ದು ಟ್ರೂಸ್ ಎಂಬ ಅಜ್ಜಿಯ ಮನೆಯ ಮೇಲಿನ ಕೋಣೆಯಲ್ಲಿ. ಅಜ್ಜಿ ಕಾಫಿ ಕೊಟ್ಟು, ತಗಡಿನ ಡಬ್ಬಿ ತೆರೆದು, ಬಿಸ್ಕತ್ತು ತೆಗೆದುಕೋ ಎಂದು ಮುಂದೆ ಹಿಡಿದರು. ಬೇಡ ಎಂದು ಕೈ ಅಡ್ಡ ಮಾಡಿದೆ. ಅಜ್ಜಿ ಟಪ್ಪೆಂದು ಮುಚ್ಚಳ ಹಾಕಿ ಡಬ್ಬಿಯನ್ನು ಕಪಾಟಿನಲ್ಲಿಟ್ಟರು. ಆ ಡಬ್ಬಿ ಹೊರಗೆ ಬರುತ್ತದೆ ಎಂದು ಅರ್ಧ ಗಂಟೆ ಕಾದೆ.

ಸಂಜೆ ಕೇಳಿದರು, "ಸೂಪು ಮಾಡಿದ್ದೇನೆ, ಬೇಕಾ?"

"ಬೇಡ ಬೇಡ, ಹೊಟ್ಟೆ ತುಂಬಿದೆ."

"ಸರಿ" ಎಂದು ಅಜ್ಜಿ ನನ್ನೆದುರಿಗೇ ಕೂತು, ಮನೆಮಂದಿಯ ಯೋಗಕ್ಷೇಮವನ್ನೆಲ್ಲ ಪ್ರೀತಿಯಿಂದ ವಿಚಾರಿಸುತ್ತ, ಸೂಪನ್ನು ಕೊನೆಯ ಹನಿಯವರೆಗೆ ಕುಡಿದರು. ನಾನು ಕೋಣೆಗೆ ಹೋಗಿ ಅವಲಕ್ಕಿಗೆ ಉಪ್ಪಿನಕಾಯಿ ಕಲಸಿಕೊಂಡೆ. ಮುದುಕಿ ಪಕ್ಕಾ ಜಿಪುಣಿ ಎಂದು ತೀರ್ಮಾನ ಮಾಡಿದೆ. ಬೆಳಿಗ್ಗೆ ಎದ್ದು ನೋಡಿದರೆ, ಮನೆಯ ಕೀಲಿಕೈ, ತನ್ನ ಸೈಕಲ್ಲು, ತುಂಬಿದ ಅಡುಗೆಮನೆ ಎಲ್ಲವನ್ನೂ ನನ್ನ ವಶಕ್ಕೆ ಬಿಟ್ಟು, ಏನು ಬೇಕೋ ತೆಗೆದುಕೋ ಎಂದು ಚೀಟಿ ಬರೆದಿಟ್ಟು ಈಜಲು ಹೋಗಿದ್ದರು. ಜಿಪುಣರು ಹೀಗೆ ಮಾಡುವುದನ್ನು ನಾನು ಕಂಡಿರಲಿಲ್ಲ. ಆದರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಬುಧವಾರ

ಪಾಠದ ಜಾಗ ಒಂದು ಹಳೇ ಗೋದಾಮು. ಎಂಟು ಜನ ಶಿಷ್ಯರಲ್ಲಿ ಒಬ್ಬ ವಿಮ್, ಊರಿನ ಬಸ್ಸಿನ ಡ್ರೈವರು, ನನ್ನಷ್ಟೇ ಹೊಟ್ಟೆ, ನನಗಿಂತ ಕಮ್ಮಿ ಕೂದಲು. ಅವನು ನನ್ನ ಪಕ್ಕ ಕೂತ.

ಮಾರೈಕಕ್ಕ ಮಳೆಯಲ್ಲಿ ಸೈಕಲ್ಲು ತುಳಿದುಕೊಂಡು ಬಂದರು. ಬೆನ್ನಿಗೆ ಬೇಸ್. ಗಿಡ್ಡ ಬಿಳೀ ಕೂದಲು ಒರೆಸಿಕೊಂಡು, ನಮಸ್ಕಾರ, ಪರಿಚಯ, ದೀಪ ಬೆಳಗುವುದು ಯಾವುದೂ ಇಲ್ಲದೆ ಒಂದು ಸ್ವರ ತೋರಿಸಿ, "ಇದನ್ನು ಬಾರಿಸಿ" ಅಂದರು. ಊಟದ ಹೊತ್ತಿನವರೆಗೆ ಅದೊಂದೇ ಸ್ವರ. ವಿಮಾನ ಹತ್ತಿ ಸಮುದ್ರ ದಾಟಿ ಬಂದವನಿಗೆ ಒಂದು ಸ್ವರ! ಬಸಣ್ಣನಿಗೆ ಗೊತ್ತಾದರೆ ಜನ್ಮವಿಡೀ ನಗುತ್ತಾನೆ ಅನಿಸಿತು.

"ಬಾರಿಸುವುದು ಯಾರಿಗೂ ಬರುತ್ತದೆ. ಎಲ್ಲಿ ನಿಲ್ಲಿಸುತ್ತೀರಿ ಅದನ್ನು ಕೇಳಿಕೊಳ್ಳಿ" ಎನ್ನುತ್ತ ಒಬ್ಬೊಬ್ಬರ ಹತ್ತಿರ ಬಂದರು. ನನ್ನ ಎಡಗೈ ಹಿಡಿದು ನೋಡಿ ಏನು ಕೆಲಸ ಎಂದು ಕೇಳಿದರು. ಹೇಳಿದೆ.

"ಹಸುವಿನ ಒಳಗೆ ಕೈ ಹಾಕಿ ನೋಡುತ್ತೀಯಾ?"

"ದಿನಾ."

"ಹಾಗಾದರೆ ಕಾಣದ್ದನ್ನು ಮುಟ್ಟಿ ತಿಳಿಯುವುದು ನಿನಗೆ ಬರುತ್ತದೆ. ಬೇಸ್ ಅಷ್ಟೇ" ಎಂದು ಮುಂದೆ ಹೋದರು. ನಾನು ಇಪ್ಪತ್ತು ವರ್ಷದಿಂದ ಬೈಸಿಕೊಂಡು ಮಾಡುತ್ತಿದ್ದ ಎರಡು ಕೆಲಸಗಳನ್ನು ಆ ಹೆಂಗಸು ಒಂದೇ ಮಾತಿನಲ್ಲಿ ಸೇರಿಸಿಬಿಟ್ಟರು. ಆ ದಿನ ನನಗೆ ಹಸಿವೆಯೇ ಆಗಲಿಲ್ಲ.

ಗುರುವಾರ

ಸಂಜೆ ನಮ್ಮನ್ನೆಲ್ಲ ಹೊಳೆದಂಡೆಯ ಒಂದು ಸಣ್ಣ ಸಭಾಂಗಣಕ್ಕೆ, ಬೇರೆ ಯಾವುದೋ ತಂಡದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದರು. ಎಂಟಕ್ಕೆ ಶುರು ಎಂದಿತ್ತು. ಎಂಟಕ್ಕೆ ಶುರುವಾಯಿತು. ನಾನು ಗಾಬರಿಯಾದೆ. ಸ್ವಾಗತ ಭಾಷಣ ಇಲ್ಲ, ಗಣ್ಯರಿಲ್ಲ, 'ಹಲೋ ಹಲೋ, ಮೈಕ್ ಟೆಸ್ಟಿಂಗ್' ಇಲ್ಲ. ಬಿಳೀ ಬಣ್ಣದ ಕಾರಿನವರು ದಯವಿಟ್ಟು ಗಾಡಿ ತೆಗೆಯಬೇಕು ಎನ್ನುವ ಪ್ರಕಟಣೆಯೂ ಇಲ್ಲ. ಹಾಡಿನ ನಡುವೆ ಯಾರೂ ವೇದಿಕೆ ಹತ್ತಿ ಚೀಟಿ ಕೊಡಲಿಲ್ಲ. ಜನ ಗ್ಲಾಸು ಹಿಡಿದು ನಿಂತು, ಉಸಿರು ಬಿಗಿಹಿಡಿದು ಕೇಳಿದರು.

ಬೇಸ್ ಬಾರಿಸುವವನು ಒಂದು ಕಡೆ ಒಂಟಿಯಾಗಿ ನಾಲ್ಕು ಸ್ವರ ಮೀಟಿದಾಗ ಚಪ್ಪಾಳೆ ಬಿತ್ತು. ಬೇಸಿಗೆ! ನನಗೆ ಥಟ್ಟನೆ ಸುಮಾಳ ನೆನಪಾಯಿತು. ಪಕ್ಕ ತಿರುಗಿದೆ. ವಿಮ್ ನಿಂತಿದ್ದ.

ಶುಕ್ರವಾರ

ಈಗ ನನ್ನ ಜೀವಮಾನದ ನಾಲ್ಕು ಸೆಕೆಂಡುಗಳ ಕಥೆ.

ಬೆಳಗಿನ ಪಾಠ ಮುಗಿಸಿ ಮಾರೈಕಕ್ಕ ಪೆಟ್ಟಿಗೆ ಮುಚ್ಚುತ್ತಿದ್ದರು. ಎಲ್ಲರೂ ಕಾಯುತ್ತಿದ್ದದ್ದು ಒಂದೇ ಮಾತಿಗೆ, ನಾಳೆಯ ಕಾರ್ಯಕ್ರಮದಲ್ಲಿ ಆ ಒಂದು ಹಾಡು ಯಾರ ಪಾಲಿಗೆ? ಅವರು ತಲೆಯೆತ್ತಿ ನೇರ ನನ್ನನ್ನು ನೋಡಿದರು.

"ಶ್ರೀಪಾದ, ನಾಳೆ ನೀನು ಬಾರಿಸುತ್ತೀಯಾ?"

ಹತ್ತು ವರ್ಷ ಬೈಕಿನ ಮೇಲೆ, ಸಗಣಿಯ ವಾಸನೆಯ ನಡುವೆ, ಈ ಒಂದು ಪ್ರಶ್ನೆಯನ್ನೇ ನಾನು ಕನಸಿನಲ್ಲಿ ಕೇಳಿಸಿಕೊಂಡದ್ದು. ನನ್ನ ಮೈಯ ಕಣಕಣವೂ ಹೌದು ಎಂದು ಕೂಗುತ್ತಿತ್ತು. ಬಾಯಿ ಮಾತ್ರ ತ್ಯಾಗಲಿಯಲ್ಲಿ ಬೆಳೆದ ಬಾಯಿ.

"ಅಯ್ಯೋ, ಬೇಡ ಬೇಡ. ನಾನು ಅಷ್ಟು ದೊಡ್ಡವನಲ್ಲ."

"ಸರಿ. ವಿಮ್?"

"ಹೌದು" ಅಂದ ವಿಮ್.

ಮುಗಿಯಿತು. ಮಾರೈಕಕ್ಕ ಸೈಕಲ್ಲಿನ ಬೀಗ ತೆಗೆಯಲು ಹೊರಗೆ ಹೋದರು. ನಾನು ಎರಡನೇ ಸಲದ ಕೇಳುವಿಕೆಗೆ ಸಂಕೋಚದ ನಗೆಯೊಂದನ್ನು ತಯಾರು ಮಾಡಿಕೊಂಡು ಕೂತವನು, ಆ ನಗೆಯನ್ನು ಮುಖದ ಮೇಲಿಂದ ಹೇಗೆ ಇಳಿಸುವುದು ಎಂದು ತಿಳಿಯದೆ ಹಾಗೇ ಕೂತಿದ್ದೆ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಟಪ್ಪೆಂದದ್ದು ಈಗ ಕೇಳಿಸಿತು.

ಮಧ್ಯಾಹ್ನ ಕೊನೆಯ ಪ್ರಯತ್ನವೊಂದನ್ನು ಮಾಡಿದೆ. ಊಟದ ಪಂಕ್ತಿಯಲ್ಲಿ ಹೋಳಿಗೆ ಇನ್ನೊಂದು ಬೇಕಾದರೆ ನಮ್ಮವರು ಬಾಯಿಬಿಟ್ಟು ಕೇಳುವುದಿಲ್ಲ. "ಪಾಪ, ಆಚೆಯವರಿಗೆ ಬಡಿಸಿ" ಎನ್ನುತ್ತಾರೆ. ಬಡಿಸುವವನು ಅರ್ಥ ಮಾಡಿಕೊಂಡು ಹೇಳಿದವನ ಎಲೆಗೂ ಹಾಕುತ್ತಾನೆ. ಅದೇ ಉಪಾಯ ಹೂಡಿದೆ. ಮಾರೈಕಕ್ಕನ ಎದುರು ನಿಂತು ವಿಮ್ ಎಂಥ ಅದ್ಭುತ ವಾದಕ ಎಂದು ಹೊಗಳಿ, ನನ್ನ ವಿಮಾನ ಭಾನುವಾರ, ನಾಳೆ ಇಡೀ ದಿನ ನಾನು ಖಾಲಿ ಎಂದೆ.

"ಒಳ್ಳೆಯದಾಯಿತು, ಹಾಗಾದರೆ ಕಾರ್ಯಕ್ರಮ ನೋಡಲು ಬಾ" ಅಂದರು.

ಸಂಜೆ ಸುಮಾಳಿಗೆ ಫೋನು ಮಾಡಿ, ಹಾಡು ವಿಮ್‌ನ ಪಾಲಾಯಿತು ಎಂದೆ.

"ಅವು ನಿಮ್ಮನ್ನ ಕೇಳಿದ್ದು ಎಷ್ಟು ಸಲ?"

"ಒಂದೇ ಸಲ."

"ನೀವು ಎಂತ ಹೇಳಿದ್ರಿ?"

"ಬೇಡ ಹೇಳಿದೆ. ಎಂಥ ಜನ ಇದು ಮಾರಾಯ್ತಿ! ಒಂದು ಸಲ ಕೇಳಿ ಬಿಟ್ಟುಬಿಡದಾ? ಬೇಡ ಹೇಳ್ದವಂಗೆ ನಿಜವಾಗ್ಲೂ ಬೇಡ್ವಾ ಹೇಳಿ ನೋಡವಲ್ದಾ? ಮನುಷ್ಯತ್ವ ಇಲ್ಲೆ!"

ಆಚೆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನು ಹೋಯಿತೇನೋ ಎಂದುಕೊಂಡೆ.

"ಹೌದು" ಅಂದಳು ಸುಮಾ ಆಮೇಲೆ. "ಒಂದು ಸಲ ಕೇಳಿ ಬಿಟ್ರೆ ಬೇಜಾರಾಗ್ತು. ನಾಳೆ ನೀವೇ ಹೋಗಿ ಕೇಳಿ."

"ಬಾಯಿಬಿಟ್ಟು ಕೇಳದಾ?"

"ಬಾಯಿಬಿಟ್ಟೇ ಕೇಳಿ. ಅಲ್ಲಿಗೆ ಹೋದ್ದು ಎಂತಕ್ಕೆ ಹಂಗಾರೆ?"

ಶನಿವಾರ

ಕೇಳಿದೆ. ಸಭಾಂಗಣದ ಬಾಗಿಲಿನಲ್ಲಿ, ಅವರು ಸೈಕಲ್ಲು ಇಳಿಯುವಾಗಲೇ, ನಾಚಿಕೆ ಬಿಟ್ಟು ಕೇಳಿದೆ. "ನಿನ್ನೆ ಬೇಡ ಅಂದದ್ದು ಸುಳ್ಳು. ನನಗೆ ಬಾರಿಸಬೇಕು."

ಮಾರೈಕಕ್ಕ ನನ್ನನ್ನು ಬಹಳ ಹೊತ್ತು ನೋಡಿದರು. "ಮತ್ತೆ ಬೇಡ ಎಂದೆ ಯಾಕೆ?"

ಉಪಚಾರ ಶಾಸ್ತ್ರವನ್ನೆಲ್ಲ ವಿವರಿಸಿದೆ. ಮೂರು ಸಲ, ಹೋಳಿಗೆ, ಸಂಭಾವಿತ. ಅವರು ನಗಲಿಲ್ಲ. "ನಮ್ಮಲ್ಲಿ ಬೇಡ ಅಂದವನನ್ನು ಮತ್ತೆ ಕೇಳಿದರೆ ಅವನ ಮಾತನ್ನು ನಂಬಲಿಲ್ಲ ಎಂದಾಗುತ್ತದೆ. ನಾನು ನಿನ್ನನ್ನು ನಂಬಿದೆ" ಅಂದರು. ಸೈಕಲ್ಲಿಗೆ ಬೀಗ ಹಾಕಿದರು. "ಹಾಡು ವಿಮ್‌ನದು. ಕೊಟ್ಟದ್ದನ್ನು ಕಿತ್ತುಕೊಳ್ಳುವುದಿಲ್ಲ."

ನಾನು ತಲೆಯಾಡಿಸಿದೆ. ಅತ್ತಿದ್ದರೂ ಅತ್ತಿರಬಹುದು ಆ ಹೊತ್ತಿನಲ್ಲಿ.

ಅವರು ಬಾಗಿಲು ತಳ್ಳಿ ಒಳಗೆ ಹೋದವರು ತಿರುಗಿ ನಿಂತರು. "ಈಗ ಸೌಂಡ್ ಚೆಕ್. ಬೇಸ್ ಹೇಗೆ ಕೇಳಿಸುತ್ತದೆ ಎಂದು ನಾನು ಹಿಂದಿನ ಗೋಡೆಯ ಹತ್ತಿರ ನಿಂತು ನೋಡಬೇಕು. ಅಷ್ಟು ಹೊತ್ತು ಮೇಲೆ ಯಾರಾದರೂ ನನ್ನ ಬೇಸನ್ನು—"

"ಹೌದು" ಅಂದೆ. ವಾಕ್ಯ ಮುಗಿಸಲು ಬಿಡಲಿಲ್ಲ. ಅಷ್ಟು ಅಸಭ್ಯವಾಗಿ ನಾನು ಹಿಂದೆಂದೂ ನಡೆದುಕೊಂಡವನಲ್ಲ.

ಹತ್ತು ನಿಮಿಷ. ಮಾರೈಕಕ್ಕನ ಹಳೇ ಬೇಸ್, ಬಣ್ಣ ಸವೆದು ಮರ ಕಾಣುವ ಬೇಸ್, ನನ್ನ ಹೆಗಲ ಮೇಲೆ. ಅವರ ಡ್ರಮ್ಮರ್ ತಲೆಯಾಡಿಸಿ ಶುರು ಮಾಡಿದ. ಎದುರಿಗೆ ಖಾಲಿ ಸಭಾಂಗಣ, ಗ್ಲಾಸು ಒರೆಸುವ ಒಬ್ಬಾಕೆ, ಬಾಯಲ್ಲಿ ಸ್ಯಾಂಡ್‌ವಿಚ್ ಇಟ್ಟುಕೊಂಡ ವಿಮ್. ನಾನು ಎರಡು ಸ್ವರ ಬಾರಿಸಿ ಸುಮ್ಮನಿದ್ದೆ. ಮತ್ತೆ ಎರಡು. ನಡುವಿನ ಮೌನದಲ್ಲಿ ಕಾಲಡಿಯ ಹಲಗೆ ಇನ್ನೂ ನಡುಗುತ್ತಿದ್ದದ್ದು ಅಂಗಾಲಿಗೆ ತಿಳಿಯುತ್ತಿತ್ತು. ಕಣ್ಣು ಮಂಜಾಯಿತು. ಹಿಂದಿನ ಗೋಡೆಗೆ ಒರಗಿದ್ದ ಮಾರೈಕಕ್ಕ ಕಿವಿ ಮುಟ್ಟಿಕೊಂಡು, ಕೈಯೆತ್ತಿ, ಕೇಳಿಸುತ್ತಿದೆ ಎಂದು ಸನ್ನೆ ಮಾಡಿದರು.

ಹುಲೇಕಲ್ಲಿನ ಮೂರನೇ ಸಾಲು ನೆನಪಾಯಿತು. ನನ್ನ ಬೇಸ್ ನಿಂತದ್ದನ್ನು ಕೇಳಿಸಿಕೊಂಡವಳು ಇಲ್ಲಿ ಇದ್ದಿದ್ದರೆ ಎಂದು ಬಹಳ ಅನಿಸಿತು.

ರಾತ್ರಿ ವಿಮ್ ಚೆನ್ನಾಗಿಯೇ ಬಾರಿಸಿದ. ಒಂದು ಕಡೆ ತಪ್ಪಿದ. ಆ ತಪ್ಪನ್ನು ನಾನು ಮನಸಾರೆ ಆನಂದಿಸಿದೆ, ಸುಳ್ಳು ಯಾಕೆ ಹೇಳಲಿ. ಹೊರಡುವ ಬೆಳಿಗ್ಗೆ ಟ್ರೂಸ್ ಅಜ್ಜಿ ಡಬ್ಬಿ ತೆರೆದಾಗ ಮೊದಲ ಸಲಕ್ಕೇ ಎರಡು ಬಿಸ್ಕತ್ತು ತೆಗೆದೆ. ಅಜ್ಜಿಯ ಹುಬ್ಬು ಮೇಲೇರಿತು. ಅಲ್ಲಿಯ ಕ್ರಮ ಒಂದೇ ಬಿಸ್ಕತ್ತಂತೆ.

ಮತ್ತೆ ಯಲ್ಲಾಪುರ

ಬಂದ ಮರುದಿನ ಮಧ್ಯಾಹ್ನ ಬಸಣ್ಣನೂ ಊಟಕ್ಕೆ ಬಂದಿದ್ದ. ಎಲೆಯ ಮುಂದೆ ಕೂತು ಇಡೀ ಕಥೆಯನ್ನು ಹೇಳಿದೆ. ಒಂದೇ ಸಲ ಕೇಳುವವರ ಕಲ್ಲು ಮನಸ್ಸನ್ನು ಎಷ್ಟು ಹಳಿದರೂ ನನಗೆ ತೃಪ್ತಿಯಾಗಲಿಲ್ಲ.

"ಏನ್ ಮಂದೀರಿ ಅವ್ರು!" ಅಂದ ಬಸಣ್ಣ. "ಬ್ಯಾಡ ಅಂದ್ರ ಬ್ಯಾಡ ಅಂತ ತಿಳ್ಕೊಂಡ್ರ ಸಂಸಾರ ನಡೀತೈತೇನ್ರೀ?"

"ಅದೇ ನೋಡು" ಅಂದೆ.

ತುಪ್ಪ ಬಡಿಸುತ್ತಿದ್ದ ಸುಮಾ ನನ್ನ ಎಲೆಯ ಮುಂದೆ ನಿಂತಳು. ದನಿ ಏರಿಸಲಿಲ್ಲ. "ನೀವೂ ಯನ್ನ ಒಂದೇ ಸಲ ಕೇಳಿದ್ರಿ" ಅಂದಳು.

ಬಸಣ್ಣ ತಲೆ ತಗ್ಗಿಸಿ ಎಲೆಯ ಉಪ್ಪನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಗುರುತಿಗೆ ಇರಲಿ ಎಂದು ಮಾಡಿಸಿದ ಪಾಸ್‌ಪೋರ್ಟು, ನನ್ನ ಅಳತೆಗೆ ಬಾರದ ಸ್ವೆಟರು, ಫೋನಿನ ಆಚೆಯ ಆ ಮೌನ, ಒಂದೊಂದಾಗಿ ಬಂದು ನನ್ನೆದುರು ಕೂತವು. ಅಂಗಡಿಯವನಿಗೆ ಬೈದದ್ದೂ ನೆನಪಾಯಿತು.

"ಬಪ್ಪ ವರ್ಷ ಮಾರೈಕಕ್ಕ ಮತ್ತೆ ಕಾರ್ಯಕ್ರಮ ಮಾಡ್ತಡ" ಅಂದೆ. "ಬತ್ಯನೆ?"

"ಆನೆಂತಕ್ಕೆ, ಬೇಡ."

"ಬತ್ಯನೆ?"

"ಬೇಡ ಹೇಳಿದ್ನಲಿ."

ಬಸಣ್ಣ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ. ನಾನು ಎಲೆ ಬಿಟ್ಟು ಎದ್ದು ನಿಂತು ಮೂರನೇ ಸಲ ಕೇಳಿದೆ.

ಸುಮಾ ತುಪ್ಪದ ಗಿಂಡಿಯನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ಸ್ವೆಟರು ಕಪಾಟಿನ ಮೇಲಿದ್ದು" ಅಂದಳು. "ಲೇಬಲ್ಲೂ ತೆಗದ್ನಿಲ್ಲೆ."